ಇದ್ದ ಹಾಗೆ ತೋರಿಸಿ

ರಾಯಚೂರು
24 ನವೆಂಬರ್ 2024

ಪ್ರೀತಿಯ ಅಬ್ಬಾ,

ಸಲಾಂ. ಹೋದ ಭಾನುವಾರ ವಾರ್ಡನ್ ಮೇಡಂ ಫೋನಿನಿಂದ ಮಾತಾಡುವಾಗಲೇ ಇದನ್ನು ಹೇಳಬಹುದಿತ್ತು. ಆದರೆ ಹಿಂದೆ ಸಾಲು ನಿಂತ ಹುಡುಗಿಯರು ಕಿವಿ ನಿಮಿರಿಸಿಕೊಂಡಿರುತ್ತಾರೆ. ಹಾಸ್ಟೆಲಿನಲ್ಲಿ ಸ್ವಂತ ಮೊಬೈಲ್ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಕಾಗದವೇ ಗತಿ. ಮನೆಯಲ್ಲಿ ದಖನಿ ಉರ್ದು ಮಾತಾಡಿದರೂ ಬರೆಯುವುದಕ್ಕೆ ನಮ್ಮಿಬ್ಬರಿಗೂ ಬರುವುದು ಕನ್ನಡ ಒಂದೇ. ಅಕ್ಷರ ಸಣ್ಣದಾಯಿತು ಎಂದು ಬೈಯಬೇಡಿ.

ದೇವದುರ್ಗದ ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಶಶಿಕಲಾ ಟೀಚರ್ ಈಗ ಮಾನ್ವಿಯಲ್ಲಿದ್ದಾರಲ್ಲ, ಅವರು ಪುಣೆ ಕಡೆಯ ಒಂದು ಕಾಲೇಜಿನ ವಿಷಯ ಹೇಳಿದ್ದಾರೆ. ಅಲ್ಲಿಯ ಓದಿಗೆ ಲಿಬರಲ್ ಆರ್ಟ್ಸ್ ಎನ್ನುತ್ತಾರೆ. ಒಬ್ಬಳೇ ಹುಡುಗಿ ಚರಿತ್ರೆ, ಗಣಿತ, ಗಿಡಮರಗಳ ಶಾಸ್ತ್ರ, ಕಾವ್ಯ ಎಲ್ಲವನ್ನೂ ಒಟ್ಟಿಗೆ ಓದಬಹುದು. ಯಾವುದು ಮುಖ್ಯ ಎಂದು ಎರಡು ವರ್ಷ ಕಳೆದ ಮೇಲೆ ಆರಿಸಿಕೊಂಡರೆ ಸಾಕು. ಇಲ್ಲಿ ಹಾಗಿಲ್ಲ. ನಾನು ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡೆನೆಂದು ಹತ್ತಿಯ ಬೀಜದ ಬಗ್ಗೆ ಪ್ರಶ್ನೆ ಕೇಳಿದರೆ, ಅದು ನಿನ್ನ ಸಬ್ಜೆಕ್ಟ್ ಅಲ್ಲ ಎಂದು ಕೂರಿಸುತ್ತಾರೆ. 

ಫೀಸು ಎಷ್ಟೆಂದು ಹೇಳಿದರೆ ನೀವು ಕೂತಲ್ಲಿಂದ ಏಳುವುದಿಲ್ಲ, ಅದಕ್ಕೇ ಹೇಳುವುದಿಲ್ಲ. ಆದರೆ ಕೊಡಲಾಗದವರ ಮಕ್ಕಳಿಗೆ ಫೀಸು, ಊಟ, ರೂಮು ಎಲ್ಲವನ್ನೂ ಕಾಲೇಜೇ ನೋಡಿಕೊಳ್ಳುತ್ತದೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು.

ಅರ್ಜಿಯ ಜೊತೆ ಒಂದು ಪ್ರಬಂಧ ಕೇಳಿದ್ದಾರೆ: ನೀವು ಕೇಳುತ್ತ ಬೆಳೆದ ಒಂದು ಶಬ್ದ. ನಾನು ನಿಮ್ಮ ಕಮಾನಿನ ಬಗ್ಗೆ, ಆ ಉದ್ದನೆಯ ಬಿಲ್ಲಿನ ಬಗ್ಗೆ ಬರೆದೆ. ಮಷೀನು ಬರುವ ಮೊದಲು ನೀವು ಹತ್ತಿ ಹಿಂಜುವಾಗ ಅದರ ನರ ಟೊಂಯ್ ಎನ್ನುತ್ತಿದ್ದುದು, ಆ ಸದ್ದಿಗೆ ನಾನು ನಿದ್ದೆ ಹೋಗುತ್ತಿದ್ದುದು, ನಿಂತರೆ ಎಚ್ಚರವಾಗುತ್ತಿದ್ದುದು. ಬರೆಯುತ್ತ ಬರೆಯುತ್ತ ಅತ್ತೆ. ಈಗ ನಗಬೇಡಿ.

ಅರ್ಜಿ ಹಾಕಲೇ? ನೀವು ಬೇಡವೆಂದರೆ ಹಾಕುವುದಿಲ್ಲ. ಆದರೆ ಬೇಡ ಎನ್ನಬೇಡಿ.

ನಿಮ್ಮ ಒಂದು ಮಾತಿಗೆ ಕಾಯುತ್ತಿರುವ
ಸೈಮಾ


ದೇವದುರ್ಗ
5 ಡಿಸೆಂಬರ್ 2024

ಮಗಳು ಸೈಮಾಗೆ ಅಬ್ಬಾನ ದುವಾ.

ನಿನ್ನ ಕಾಗದ ಮುಟ್ಟಿತು. ನಿನ್ನ ದೊಡ್ಡಪ್ಪನ ಚಹಾದಂಗಡಿಯಲ್ಲಿ ಕೂತು ಓದಿದೆ. ಅವನು ಇಣುಕಿ ನೋಡಿ, ಆ ಓದಿಗೆ ಯಾವ ನೌಕರಿ ಸಿಗುತ್ತದೆ ಎಂದು ಕೇಳಿದ. ನನಗೂ ಗೊತ್ತಿಲ್ಲ, ಆದರೆ ಗೊತ್ತಿಲ್ಲವೆಂದು ಅವನಿಗೆ ಹೇಳಲಾಗುತ್ತದೆಯೇ? ದೊಡ್ಡ ದೊಡ್ಡ ನೌಕರಿಗಳು ಎಂದೆ. ಎಲ್ಲ ವಿದ್ಯೆಯನ್ನೂ ಒಟ್ಟಿಗೆ ಕಲಿಸುತ್ತಾರೆಂದು ನೀನು ಬರೆದಿದ್ದೀ. ನಮ್ಮ ಕಸುಬಿನಲ್ಲಿ ಹಳೆ ಹತ್ತಿ, ಹೊಸ ಹತ್ತಿ, ಬೂರುಗದ ಹತ್ತಿ ಎಲ್ಲ ಕಲಸಿ ಗಾದಿ ತುಂಬಿದರೆ ವರ್ಷದೊಳಗೆ ಗಂಟು ಗಂಟಾಗುತ್ತದೆ. ನಿನ್ನ ತಲೆ ಹಾಗಾಗದಿರಲಿ.

ಶಶಿಕಲಾ ಟೀಚರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆ. ಹುಡುಗಿಯರಿಗೆ ಭದ್ರವಾಗಿದೆ, ನಮ್ಮವರು ಉಣ್ಣುವಂಥ ಊಟವೂ ಸಿಗುತ್ತದೆ ಎಂದರು. ನಿನ್ನ ಅಮ್ಮಿ ಪಕ್ಕದಲ್ಲೇ ನಿಂತು ಅದನ್ನೊಮ್ಮೆ ಕೇಳು ಇದನ್ನೊಮ್ಮೆ ಕೇಳು ಎಂದು ಅಂಗಿ ಎಳೆಯುತ್ತಿದ್ದಳು. ಕೊನೆಗೆ ಅವಳೇ ಹೂಂ ಅಂದಳು.

ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿನ್ನ ತಾತ, ಹರಕೆಗೆಂದು ಎಲ್ಲರೂ ಫಕೀರರಾಗಿ ಬೇಡುವ ಪೀರ್ ಹಬ್ಬದಲ್ಲೂ ಯಾರ ಮುಂದೆಯೂ ಕೈ ಚಾಚಿದವರಲ್ಲ, ನಾನೂ ಚಾಚಿಲ್ಲ. ಸಹಾಯಕ್ಕೆ ಅರ್ಜಿ ಅಂದರೆ ನನಗೆ ಯಾಕೋ ಸಂಕಟವಾಗುತ್ತದೆ. ಬುದ್ಧಿವಂತ ಮಕ್ಕಳಿಗೆ ಕೊಡುವ ಬಹುಮಾನವೆಂದು ತಿಳಿದುಕೊಳ್ಳುತ್ತೇನೆ. ಹಾಕು.

ಕಮಾನಿನ ಬಗ್ಗೆ ಬರೆದದ್ದು ಸರಿ, ಆದರೆ ಅಂಥ ದೊಡ್ಡ ಕಾಲೇಜಿಗೆ ಬರೆಯಲು ನಿನಗೆ ಬೇರೇನೂ ಸಿಗಲಿಲ್ಲವೇ?

ನಿನ್ನ ಹೆಸರು ಹೇಳಿಕೊಂಡು ತಿರುಗುವ
ಅಬ್ಬಾ, ಪೀರಾ ಸಾಬ್


ರಾಯಚೂರು
20 ಫೆಬ್ರುವರಿ 2025

ಪ್ರೀತಿಯ ಅಬ್ಬಾ,

ಹೋದ ಶನಿವಾರ ಮಾನ್ವಿಗೆ ಹೋಗಿ ಟೀಚರ್ ಮನೆಯ ಕಂಪ್ಯೂಟರಿನಲ್ಲಿ ಇಂಟರ್‌ವ್ಯೂ ಕೊಟ್ಟು ಬಂದೆ. ಮೂವರಿದ್ದರು. ಇಂಗ್ಲಿಷಿನಲ್ಲಿ ತೊದಲಿದೆ, ಒಂದೆರಡು ಕಡೆ ಕನ್ನಡಕ್ಕೇ ಹೊರಳಿದೆ, ಅವರು ನಗಲಿಲ್ಲ. ಕಮಾನಿನ ಬಗ್ಗೆ ತುಂಬ ಕೇಳಿದರು. ಅದರ ನರ ಯಾವುದರಿಂದ ಮಾಡುತ್ತಾರೆ, ಹತ್ತಿ ಒದ್ದೆಯಾಗಿದ್ದರೆ ಸದ್ದು ಬದಲಾಗುತ್ತದೆಯೇ ಎಂದೆಲ್ಲ. ನನ್ನ ಜೀವನದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿಲ್ಲ, ಅಬ್ಬಾ. ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ.

ಈಗ ಮುಖ್ಯವಾದ ಮಾತು. ಪರೀಕ್ಷೆಯ ಸಮಯದಲ್ಲಿ, ಮಾರ್ಚ್ ಮೊದಲಲ್ಲಿ, ಕಾಲೇಜಿನ ಕಡೆಯಿಂದ ಒಬ್ಬರು ನಮ್ಮ ಮನೆ ನೋಡಲು ಬರುತ್ತಾರೆ. ಯಾವ ದಿನವೆಂದು ಟೀಚರ್ ಫೋನ್ ಮಾಡಿ ತಿಳಿಸುತ್ತಾರೆ. ನಾನು ಇರುವುದಿಲ್ಲ, ಇರಬೇಕಾಗಿಯೂ ಇಲ್ಲವಂತೆ. ಮನೆ ನೋಡಿ, ನಿಮ್ಮ ಜೊತೆ ಮಾತಾಡಿ, ನಮಗೆ ಎಷ್ಟು ಸಹಾಯ ಬೇಕೆಂದು ಅವರು ತೀರ್ಮಾನಿಸುತ್ತಾರೆ. ಎಲ್ಲವೂ ಆ ಒಂದು ಭೇಟಿಯ ಮೇಲೆ ನಿಂತಿದೆ. ಪೂರ್ತಿ ಸಹಾಯ ಸಿಗದಿದ್ದರೆ ಸೀಟು ಸಿಕ್ಕಿಯೂ ನಾನು ಹೋಗಲಾರೆ.

ಆದ್ದರಿಂದ ಕೈ ಮುಗಿದು ಕೇಳುತ್ತೇನೆ, ಇದ್ದ ಹಾಗೆ ತೋರಿಸಿ. ತಗಡಿನ ಸೂರು, ಬಾಡಿಗೆ ಮನೆ, ಮಷೀನು, ಗೋಡೆಗೆ ಅಂಟಿದ ಹತ್ತಿಯ ಧೂಳು, ಅಮ್ಮಿಯ ಕೆಮ್ಮು, ಏನನ್ನೂ ಮುಚ್ಚಬೇಡಿ. ರಂಜಾನ್ ಉಪವಾಸ ಇರುತ್ತದೆ, ನೀವು ದಣಿಯಬೇಡಿ. ನೀರು ಕೊಟ್ಟು ಚಾಪೆ ಹಾಸಿದರೆ ಸಾಕು.

ಎದೆ ಡವಡವ ಎನ್ನುತ್ತಿರುವ
ಸೈಮಾ


ದೇವದುರ್ಗ
11 ಮಾರ್ಚ್ 2025

ಮಗಳು ಸೈಮಾಗೆ ಅಬ್ಬಾನ ದುವಾ.

ಪರೀಕ್ಷೆ ಹೇಗೆ ನಡೆದಿದೆ? ಹಾಸ್ಟೆಲಿನಲ್ಲಿ ಬೆಳಗಿನ ಜಾವ ಸಹರಿಗೆ ತಿನ್ನಲು ಏನಾದರೂ ಕೊಡುತ್ತಾರೋ, ಖಾಲಿ ಹೊಟ್ಟೆಯಲ್ಲೇ ರೋಜಾ ಹಿಡಿಯುತ್ತೀಯೋ ಎಂದು ನಿನ್ನ ಅಮ್ಮಿಗೆ ದಿನವೂ ಅದೇ ಚಿಂತೆ.

ನಿನ್ನ ಕಾಲೇಜಿನ ಮೇಡಂ ಬಂದು ಹೋದರು. ಚಿಕ್ಕ ವಯಸ್ಸು, ಧಾರವಾಡದ ಕಡೆಯವರು, ತುಂಬ ಮರ್ಯಾದಸ್ತರು. ಎಲ್ಲ ಅಂದುಕೊಂಡದ್ದಕ್ಕಿಂತ ಚೆಂದವಾಗಿ ನಡೆಯಿತು. ಒಂದೊಂದಾಗಿ ಬರೆಯುತ್ತೇನೆ, ನಿಧಾನವಾಗಿ ಓದಿ ಖುಷಿಪಡು.

ಇದ್ದ ಹಾಗೆ ತೋರಿಸಿ ಎಂದು ನೀನು ಬರೆದಿದ್ದೆ. ನಿನ್ನ ಅಮ್ಮಿಯೂ ಅದನ್ನೇ ಹಿಡಿದು ಕೂತಳು. ನೀವಿಬ್ಬರೂ ನಿನ್ನ ಅಕ್ಕ ಮುಸರ್ರತ್‌ಳ ಸಂಗತಿ ಮರೆತಿದ್ದೀರಿ, ನಾನು ಮರೆತಿಲ್ಲ. ಅವಳನ್ನು ನೋಡಲು ಮೊದಲು ಬಂದ ಯರಗೇರಾದ ಜನರಿಗೆ ನಾವು ಮನೆಯನ್ನು ಇದ್ದ ಹಾಗೇ ತೋರಿಸಿದ್ದೆವು. ಅವರು ಹುಡುಗಿಯ ಮುಖವನ್ನು ನೋಡಲಿಲ್ಲ, ತಲೆ ಎತ್ತಿ ಸೂರು ನೋಡಿದರು. ಚಹಾ ಅರ್ಧ ಬಿಟ್ಟು ಎದ್ದರು. ನಿನ್ನ ಅಕ್ಕ ಆಮೇಲೆ ಎರಡು ದಿನ ಊಟ ಮಾಡಲಿಲ್ಲ. ನೀರಮಾನ್ವಿಯವರು ಬರುವಾಗ ಎದುರುಮನೆ ಶಹಜಾದಿ ಬೇಗಂ ಅವರ ಸೋಫಾ ತಂದಿಟ್ಟೆವು, ಮಾತು ಅಲ್ಲೇ ಗಟ್ಟಿಯಾಯಿತು. ಹೊರಗಿನವರು ಮಗಳನ್ನು ನೋಡಲು ಬಂದಾಗ ಮೊದಲು ತೂಗುವುದು ಮನೆಯನ್ನು. ನೀನಿನ್ನೂ ಚಿಕ್ಕವಳು, ನಿನಗೆ ಲೋಕ ಗೊತ್ತಿಲ್ಲ.

ಆ ಸೋಫಾ ಮತ್ತೆ ತಂದೆವು. ಅವರ ಗೋಡೆ ಗಡಿಯಾರ, ಹೂವಿನ ಪ್ಲೇಟುಗಳು, ನೆಲಕ್ಕೆ ಹಾಸುವ ಜಮಖಾನೆ ಕೂಡ. ಫ್ರಿಜ್ಜನ್ನೂ ಹೊತ್ತು ತರೋಣವೆಂದಿದ್ದೆ, ನಿನ್ನ ಅಮ್ಮಿ ಬಾಗಿಲಿಗೆ ಅಡ್ಡ ನಿಂತಳು. ಗುಂಜಹಳ್ಳಿಯವರ ಮದುವೆಗೆ ಹೊಲಿದಿಟ್ಟಿದ್ದ ಆರು ಹೊಸ ಗಾದಿಗಳನ್ನು ಒಂದರ ಮೇಲೊಂದು ಪೇರಿಸಿ ಮಖಮಲ್ಲು ಹೊದಿಸಿದೆ. ಮಷೀನನ್ನು ಹಿತ್ತಲಿಗೆ ಎಳೆದು ಗೋಣಿತಟ್ಟು ಮುಚ್ಚಿದೆ. ಗೋಡೆಗೆ ಸುಣ್ಣ ಬಳಿದೆ. ಕಮಾನನ್ನು ಶಹಜಾದಿ ಬೇಗಂ ಅವರ ಅಟ್ಟಕ್ಕೆ ಸೇರಿಸಿದೆ.

ನಾವಿಬ್ಬರೂ ರೋಜಾ ಇದ್ದೆವು. ಆದರೂ ಮಗಳ ಕಾಲೇಜಿನವರು ಮಧ್ಯಾಹ್ನ ಮನೆಗೆ ಬಂದರೆ ಬರೀ ನೀರು ಕೊಡುವುದೇ? ನಿನ್ನ ಅಮ್ಮಿ ಮಟನ್ ಬಿರಿಯಾನಿ ಮಾಡಿದಳು. ಉಪವಾಸದಲ್ಲಿ ಉಪ್ಪು ನೋಡುವಂತಿಲ್ಲವಲ್ಲ, ಶಹಜಾದಿ ಬೇಗಂ ಅವರ ಮೊಮ್ಮಗಳನ್ನು ಕರೆಸಿ ತಿನ್ನಿಸಿ, ಸರಿಯಿದೆಯಾ ಎಂದು ಕೇಳಿದಳು. ಮೇಡಂ ಒಬ್ಬರೇ ಉಣ್ಣಲು ಬಹಳ ಸಂಕೋಚಪಟ್ಟರು. ನಾನು ಬಿಡಲಿಲ್ಲ.

ಅವರು ಕಮಾನು ನೋಡಬೇಕೆಂದರು. ಅದನ್ನೇ ನೋಡಲು ಆಸೆಯಿಟ್ಟುಕೊಂಡು ಬಂದೆ ಎಂದರು. ನನಗೆ ನಾಚಿಕೆಯಾಯಿತು. ಅದನ್ನೆಲ್ಲ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ನಮ್ಮದು ಗಾದಿ ವ್ಯಾಪಾರ ಎಂದು ಆರು ಗಾದಿ ತೋರಿಸಿದೆ. ಅವರು ತಮ್ಮ ಪುಸ್ತಕ ಬಿಚ್ಚಿದರು. ಆಮೇಲೆ, ಮಗಳ ಓದಿಗೆ ನಿಮ್ಮ ಕೈಯಿಂದ ಎಷ್ಟು ಕೊಡಬಲ್ಲಿರಿ ಎಂದು ಕೇಳಿದರು. ಅದಕ್ಕೆ ನಾನು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಮಗಳಕಿಂತ ಹೆಚ್ಚಿಂದು ನಮಗ ಏನದರೀ ಮೇಡಂ? ಎಷ್ಟ್ ಬೇಕಾದ್ರೂ ಹಾಕ್ತೀನ್ರಿ. ಅಲ್ಲಾನ ದಯದಿಂದ ನಮಗ ಏನೂ ಕಡಿಮಿ ಇಲ್ಲ."

ಅವರು ಅದನ್ನು ಬರೆದುಕೊಂಡರು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ಹೋಗುವಾಗ ಹೊಸ ದಿಂಬು ಒಂದನ್ನು ಕೊಟ್ಟೆ. ನಿಯಮವಿಲ್ಲ ಎಂದು ವಾಪಸು ಕೊಟ್ಟರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನೂ ನಿನ್ನ ಅಮ್ಮಿಯೂ ಆ ಸೋಫಾದ ಮೇಲೆ ಸ್ವಲ್ಪ ಹೊತ್ತು ಕೂತೆವು. ಅವಳು ಆ ಗೋಡೆ ಗಡಿಯಾರವನ್ನೇ ನೋಡುತ್ತ ಕೂತಳು. ದಣಿದಿದ್ದಳು ಅನ್ನಿಸುತ್ತದೆ.

ಇನ್ನು ನೀನು ಪುಣೆಗೆ ಹೋದ ಹಾಗೆಯೇ.

ನಿನ್ನ ತಲೆ ತಗ್ಗಿಸಲು ಬಿಡದ
ಅಬ್ಬಾ


ರಾಯಚೂರು
21 ಮಾರ್ಚ್ 2025

ಶಶಿಕಲಾ ಟೀಚರ್ ಅವರಿಗೆ ನಮಸ್ಕಾರ.

ನಿನ್ನೆ ಕೊನೆಯ ಪರೀಕ್ಷೆ ಮುಗಿಯಿತು. ಅಬ್ಬಾನ ಕಾಗದ ಬಂದು ಒಂದು ವಾರವಾಗಿದೆ. ಪರೀಕ್ಷೆಯ ಮಧ್ಯೆ ಓದಬಾರದಿತ್ತು, ಓದಿದೆ. ಅದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನೀವೂ ಓದಿ. ಓದಿದ ಮೇಲೆ ದಯವಿಟ್ಟು ವಾಪಸು ಕಳಿಸಿ. ಏನೇ ಆದರೂ ಆ ಕಾಗದ ನನಗೆ ಬೇಕು.

ನನಗೆ ಅಬ್ಬಾನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಇದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಅಷ್ಟು ಬಿಡಿಸಿ ಬಿಡಿಸಿ ಬರೆದಿದ್ದೆ! ಆಮೇಲೆ ಅಮ್ಮಿ ನಾಲಗೆಗೆ ಉಪ್ಪು ಮುಟ್ಟಿಸದೆ ಬಿರಿಯಾನಿ ಮಾಡಿದ್ದನ್ನು ನೆನೆದು ಅಳು ಬಂತು. ಮೇಡಂ ಕಮಾನು ಕೇಳಿದ್ದಾರೆ, ಟೀಚರ್. ನಾನು ಬರೆದದ್ದೆಲ್ಲ ಕಟ್ಟುಕತೆ ಎಂದುಕೊಂಡು ಹೋಗಿರುತ್ತಾರೆ.

ಈದ್ ಮುಗಿಸಿ ಬಂದು ಇಲ್ಲೇ ಇರುತ್ತೇನೆ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಶಿಬಿರ ಮಾಡುತ್ತಿದ್ದಾರೆ, ಹೆಸರು ಕೊಟ್ಟಿದ್ದೇನೆ. ಆ ಕಾಲೇಜಿನಲ್ಲಿ ಬೇಕಾಗುತ್ತದಲ್ಲ. ಆಸೆ ಬಿಡಲು ಆಗುತ್ತಿಲ್ಲ.

ನಿಮ್ಮ
ಸೈಮಾ


ಮಾನ್ವಿ
16 ಏಪ್ರಿಲ್ 2025

ಸೈಮಾ,

ಕಾಲೇಜಿನ ಉತ್ತರ ಇಂದು ಬೆಳಿಗ್ಗೆ ನನ್ನ ಇಮೇಲಿಗೆ ಬಂತು. ನಿನಗೆ ಸೀಟು ಕೊಟ್ಟಿದ್ದಾರೆ. ನಿನ್ನ ಪ್ರಬಂಧ ಈ ವರ್ಷದ ಅರ್ಜಿಗಳಲ್ಲೇ ತಮಗೆ ಬಹಳ ಹಿಡಿಸಿದವುಗಳಲ್ಲಿ ಒಂದು ಎಂದೂ ಬರೆದಿದ್ದಾರೆ. ಈ ಸಾಲನ್ನು ಎರಡು ಸಲ ಓದು, ಆಮೇಲೆ ಮುಂದಕ್ಕೆ ಹೋಗು.

ಸಹಾಯ ಮಾತ್ರ ಕಾಲು ಭಾಗದಷ್ಟೇ. ಮನೆಯ ಸ್ಥಿತಿ ಅರ್ಜಿಯಲ್ಲಿ ಬರೆದದ್ದಕ್ಕಿಂತ ಉತ್ತಮವಾಗಿ ಕಂಡಿತು, ಉಳಿದದ್ದನ್ನು ಕೊಡಲು ತಂದೆ ತಾವೇ ಒಪ್ಪಿದ್ದಾರೆ ಎಂದು ಕಾರಣ ಕೊಟ್ಟಿದ್ದಾರೆ. ನಾನು ಕೂಡಲೇ ಫೋನ್ ಮಾಡಿದೆ. ಬಂದು ಹೋದ ಆ ಮೇಡಂ ಅವರೇ ಮಾತಾಡಿದರು. ಅವರ ದನಿಯೂ ಸಪ್ಪಗಿತ್ತು. ದಾರಿ ಒಂದಿದೆ. ಏಪ್ರಿಲ್ ಕೊನೆಯೊಳಗೆ ಮೇಲ್ಮನವಿ ಹಾಕಬಹುದು. ಅಂದು ತೋರಿಸಿದ ಸಾಮಾನು ತಮ್ಮದಲ್ಲ, ಹೇಳಿದ ಮಾತು ನಿಜವಲ್ಲ ಎಂದು ನಿನ್ನ ತಂದೆ ಬರೆದು ಸಹಿ ಹಾಕಬೇಕು. ಅದು ಹೌದೆಂದು ನೆರೆಯ ಇಬ್ಬರು ಸಾಕ್ಷಿ ಹಾಕಬೇಕು. ಅಷ್ಟಾದರೆ ಪೂರ್ತಿ ಸಹಾಯ ಸಿಗುವ ಭರವಸೆ ಅವರಿಗಿದೆ.

ನನಗೆ ನನ್ನ ಮೇಲೇ ಬೇಸರವಾಗಿದೆ. ನಾನು ಓದುವಾಗ ಹಾಸ್ಟೆಲ್ ಸೀಟಿಗೆಂದು ನಮ್ಮ ಕೇರಿಗೂ ಅಧಿಕಾರಿಗಳು ಬಂದಿದ್ದರು. ಬಡತನ ಮುಚ್ಚೋಣವೆಂದರೂ ನಮ್ಮ ಮನೆಯಲ್ಲಿ ಮುಚ್ಚಲು ಒಂದು ಬಟ್ಟೆ ಇರಲಿಲ್ಲ, ಎರವಲು ಕೊಡುವ ಎದುರುಮನೆಯೂ ಇರಲಿಲ್ಲ. ಆದ್ದರಿಂದ ನಿನ್ನ ತಂದೆ ಹೀಗೆ ಮಾಡಬಹುದೆಂದು ನನಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ದಿನ ತಿಳಿಸಿದೆ, ಎಚ್ಚರಿಸಲಿಲ್ಲ.

ಪೀರಾ ಸಾಬರಿಗೆ ನೀನು ಬರೆಯುತ್ತೀಯೋ, ನಾನು ಹೇಳಲೋ? ಮಗಳು ಹೇಳಿದರೆ ಚೆನ್ನ ಎಂದು ಕಾಯುತ್ತಿದ್ದೇನೆ. ತಡ ಮಾಡಬೇಡ.

ಶಶಿಕಲಾ


ರಾಯಚೂರು
22 ಏಪ್ರಿಲ್ 2025

ಟೀಚರ್,

ಮೂರು ಸಲ ಅಬ್ಬಾನಿಗೆ ಕಾಗದ ಬರೆದೆ. ಮೂರನ್ನೂ ಹರಿದೆ. ನನ್ನಿಂದ ಆಗುವುದಿಲ್ಲ.

ಈದ್ ದಿನ ನೀವು ನಮ್ಮ ಮನೆಯಲ್ಲಿ ಇರಬೇಕಿತ್ತು. ಶೀರ್‌ಕುರ್ಮಾ ಕುಡಿಯಲು ಬಂದ ಪ್ರತಿಯೊಬ್ಬರಿಗೂ ಅಬ್ಬಾ ಮೇಡಂ ಬಂದ ಕತೆ ಹೇಳಿದರು. ಎಲ್ಲಿ ಕೂತರು, ಏನು ಕೇಳಿದರು, ತಾವೇನು ಅಂದರು. ಬೇರೆಯವರ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಳೆ ಗಾದಿ ಇದೆಯೇನ್ರಿ ಎಂದು ಕೇಳುತ್ತ ಬದುಕಿದ ಮನುಷ್ಯ ಅವರು. ಒಂದು ಮಧ್ಯಾಹ್ನ ದೊಡ್ಡ ಕಾಲೇಜಿನವರೊಬ್ಬರು ಅವರ ಮುಂದೆ ಕೂತು ಅವರ ಮಾತನ್ನು ಬರೆದುಕೊಂಡರು. ಅದು ಸುಳ್ಳು ಎಂದು ಬರೆದುಕೊಡಿ ಎಂದು ನಾನು ಹೇಗೆ ಕೇಳಲಿ? ಅದಕ್ಕೆ ಶಹಜಾದಿ ಬೇಗಂ ಸಾಕ್ಷಿ ಹಾಕಬೇಕು, ಹೌದು, ಸೋಫಾ ನಮ್ಮದು, ಪೀರಾ ಸಾಬ್ ಬೇಡಿ ಒಯ್ದಿದ್ದ ಎಂದು. ನಾಳೆಯಿಂದ ಅಬ್ಬಾ ಆ ಬೀದಿಯಲ್ಲೇ ನಡೆಯಬೇಕಲ್ಲ.

ನನಗೆ ಆ ಕಾಲೇಜು ಬೇಡವೆಂದು ಹೇಳುವುದಿಲ್ಲ. ಬೇಕು. ತುಂಬ ಬೇಕು. ಶಿಬಿರದಲ್ಲಿ ಇಂಗ್ಲಿಷ್ ಪಾಠ ಕೇಳುತ್ತ ಕೂತಾಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆ ಕಾಲೇಜಿನ ಹೆಸರು ಬರೆದು ಹೊಡೆದುಹಾಕುತ್ತೇನೆ. ಆದರೂ ಬೇಡ.

ಅವರಿಗೆ ಈ ವಿಷಯ ಎಂದೂ ಹೇಳಬೇಡಿ. ನಿಮ್ಮ ಶ್ರಮವನ್ನೆಲ್ಲ ನೀರಿಗೆ ಹಾಕಿದೆ, ಅದಕ್ಕೆ ಕ್ಷಮಿಸಿ.

ಸೈಮಾ


ರಾಯಚೂರು
2 ಮೇ 2025

ಪ್ರೀತಿಯ ಅಬ್ಬಾ,

ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದದ್ದಕ್ಕೆ ನೀವು ಪೇಡೆ ಹಂಚಿದಿರೆಂದು ಕೇಳಿ ಸಂತೋಷವಾಯಿತು. ಪುಣೆ ಕಾಲೇಜಿನ ಫಲಿತಾಂಶವೂ ತಿಳಿಯಿತು. ನಾನು ಆಯ್ಕೆಯಾಗಲಿಲ್ಲ. ಇಂಟರ್‌ವ್ಯೂದಲ್ಲಿ ಕೊಟ್ಟ ಉತ್ತರಗಳು ಸಾಲದಾದವಂತೆ, ಇಂಗ್ಲಿಷೂ ಕಡಿಮೆಯಾಯಿತಂತೆ.

ಮನೆಯ ಬಗ್ಗೆ ಏನೂ ಅಂದಿಲ್ಲ. ಮೇಡಂ ನಿಮ್ಮನ್ನು ಬಹಳ ಹೊಗಳಿದರಂತೆ.

ರಾಯಚೂರಿನಲ್ಲೇ ಬಿ.ಎ. ಸೇರುತ್ತೇನೆ. ಮುಂದಿನ ವಾರ ಊರಿಗೆ ಬಂದಾಗ ಈ ವಿಷಯ ಕೇಳಬೇಡಿ, ಅಮ್ಮಿಗೂ ಕೇಳಬೇಡವೆಂದು ಹೇಳಿ.

ನಿಮ್ಮ
ಸೈಮಾ


ದೇವದುರ್ಗ
6 ಮೇ 2025

ಮಗಳು ಸೈಮಾಗೆ ಅಬ್ಬಾನ ದುವಾ.

ಕೇಳುವುದಿಲ್ಲ, ಆದ್ದರಿಂದ ನೀನು ಬರುವ ಮೊದಲೇ ಬರೆದುಬಿಡುತ್ತೇನೆ. ನಿನ್ನ ಕಾಗದ ಓದಿ ನನಗೆ ಬಹಳ ದುಃಖವಾಯಿತು. ಮನೆಯ ಕಡೆಯಿಂದ ಆಗಬೇಕಾದದ್ದೆಲ್ಲ ಆಗಿತ್ತು. ಅದರಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಮಾಡಿರಲಿಲ್ಲ. ನಿನ್ನ ಕಡೆಯಿಂದ ಸ್ವಲ್ಪ ಕಡಿಮೆ ಬಿತ್ತು, ಏನು ಮಾಡುವುದು. ನನ್ನಂಥವನ ಮಗಳು ಅಲ್ಲಿಯವರೆಗೆ ಹೋದದ್ದೇ ಹೆಚ್ಚು.

ದೊಡ್ಡಪ್ಪ ಕೇಳಿದ, ಮಸೀದಿಯಲ್ಲಿ ಕೇಳಿದರು, ಶಹಜಾದಿ ಬೇಗಂ ಕೇಳಿದರು. ಹುಡುಗಿ ಉತ್ತರ ಹೇಳಲು ತಡವರಿಸಿದಳಂತೆ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಮುಚ್ಚಿಟ್ಟರೆ ಬೇರೆ ಏನೇನೋ ಮಾತು ಹುಟ್ಟುತ್ತವೆ. ನೀನು ಬೇಜಾರು ಮಾಡಿಕೊಳ್ಳಬೇಡ.

ಬಾ. ಅಮ್ಮಿ ನಿನಗೆಂದು ಕಡಬು ಮಾಡುತ್ತಾಳಂತೆ.

ಅಬ್ಬಾ


ದೇವದುರ್ಗ
24 ಆಗಸ್ಟ್ 2025

ಸೈಮಾ,

ಈಗ ನಿನ್ನ ಕೈಯಲ್ಲಿ ಫೋನಿದೆ. ಎರಡು ಸಲ ಹಚ್ಚಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಮಾತಾಡಲು ಬಾಯಿ ಬರಲಿಲ್ಲ, ಅದಕ್ಕೇ ಮತ್ತೆ ಕಾಗದ.

ಹೋದ ವಾರ ಮಾನ್ವಿಗೆ ಕೆಲಸಕ್ಕೆ ಹೋಗಿದ್ದೆ. ಶಶಿಕಲಾ ಟೀಚರ್ ಗಾದಿ ಬಿಚ್ಚಿ ಹಿಂಜಿ ಕೊಡಿ ಎಂದಿದ್ದರು. ಅವರ ಅಂಗಳದಲ್ಲಿ ಹತ್ತಿ ಬಿಡಿಸುತ್ತ ನಿನ್ನ ಮಾತು ತೆಗೆದೆ. ಬಿ.ಎ. ಓದುತ್ತಿದ್ದಾಳೆ, ಇರಲಿ ಬಿಡಿ, ಅವಳ ತಲೆಗೆ ಅಷ್ಟೇ, ಆ ದೊಡ್ಡ ಕಾಲೇಜು ಅವಳ ಯೋಗ್ಯತೆಗೆ ಮೀರಿದ್ದಾಗಿತ್ತು ಎಂದೆ. ಟೀಚರ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು.

"ಪೀರಾ ಸಾಬ್, ಹಂಗ ಅನಬ್ಯಾಡ್ರಿ. ನಿಮ್ಮ ಮಗಳು ಪಾಸಾಗಿದ್ಲು."

ಆಮೇಲೆ ಎಲ್ಲ ಹೇಳಿದರು. ಅವರ ಮೇಲೆ ಸಿಟ್ಟಾಗಬೇಡ. ಮಾತು ಕೊಟ್ಟಿದ್ದೆ, ತಪ್ಪಿದೆ ಎಂದು ಅವರೂ ಕಣ್ಣು ಒರೆಸಿಕೊಂಡರು. ನನಗೆ ಹಿಂಜಲು ಆಗಲಿಲ್ಲ. ಹತ್ತಿಯನ್ನು ಹಾಗೇ ಚಾದರದಲ್ಲಿ ಕಟ್ಟಿಟ್ಟು, ನಾಳೆ ಬರುತ್ತೇನೆಂದು ಬಸ್ ಹತ್ತಿದೆ. ಇನ್ನೂ ಹೋಗಿಲ್ಲ.

ಮನೆಗೆ ಬಂದು ನಿನ್ನ ಅಮ್ಮಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಆ ಪತ್ರ ಬರೆದೆ. ಸಾಮಾನು ನಮ್ಮದಲ್ಲ, ನಾನು ಆಡಿದ ಮಾತು ಸುಳ್ಳು ಎಂದು. ಶಹಜಾದಿ ಬೇಗಂ ಸಾಕ್ಷಿ ಹಾಕಿದರು, ದೊಡ್ಡಪ್ಪ ಹಾಕಿದ. ಇಬ್ಬರೂ ನನ್ನ ಕಡೆ ಕೆಟ್ಟದಾಗಿ ನೋಡಲಿಲ್ಲ. ಬರೆಯುವುದಕ್ಕೆ ಹೆಚ್ಚು ಹೊತ್ತೂ ಹಿಡಿಯಲಿಲ್ಲ. ಟೀಚರ್ ಅದನ್ನು ಕಳಿಸಿ ಫೋನ್ ಮಾಡಿದರು. ಕ್ಲಾಸುಗಳು ಶುರುವಾಗಿವೆ, ನಿನ್ನ ಜಾಗಕ್ಕೆ ಬೇರೆ ಮಗು ಬಂದಿದೆ. ಬೇರೆ ಕಡೆ ಡಿಗ್ರಿಗೆ ಸೇರಿದವರನ್ನು ಮುಂದಿನ ವರ್ಷವೂ ತೆಗೆದುಕೊಳ್ಳುವುದಿಲ್ಲವಂತೆ.

ನೀನು ಉತ್ತರ ಹೇಳಲು ತಡವರಿಸಿದೆ ಎಂದು ನಾನು ಯಾರು ಯಾರಿಗೆ ಹೇಳಿದ್ದೆನೋ ಅವರೆಲ್ಲರ ಹತ್ತಿರ ಹೋಗಿ ಬಂದೆ. ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಕೆಲವರು ನಕ್ಕಿರಬೇಕು. ನನಗೆ ಏನೂ ಅನ್ನಿಸಲಿಲ್ಲ, ನಿಜವಾಗಿ. ಬೇಸಿಗೆ ರಜೆಯಲ್ಲಿ ನೀನು ಮನೆಯಲ್ಲಿದ್ದಾಗ ಬಂದವರ ಮುಂದೆಲ್ಲ ನಾನು ನಿನ್ನನ್ನು ಆಡಿಕೊಂಡೆ, ನೀನು ತಲೆ ತಗ್ಗಿಸಿ ಚಹಾದ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಅದು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಒಂದೇ ಒಂದು ಮಾತು ಕೇಳುತ್ತೇನೆ, ಮಗಳೇ. ಸಿಟ್ಟಿನಿಂದ ಅಲ್ಲ. ಒಂದು ಸಹಿಯಷ್ಟೇ. ಕೇಳಿದರೆ ನಾನು ಹಾಕುವುದಿಲ್ಲ ಅಂತ ನಿನಗೆ ಯಾಕೆ ಅನ್ನಿಸಿತು?

ನಿನ್ನ
ಅಬ್ಬಾ


ರಾಯಚೂರು
29 ಆಗಸ್ಟ್ 2025

ಪ್ರೀತಿಯ ಅಬ್ಬಾ,

ನಿಮ್ಮ ಕಾಗದವನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಓದಿದೆ. ಗೆಳತಿಯರು ಏನಾಯಿತೆಂದು ಕೇಳಿದರು, ಊರಿನ ಕಾಗದ ಎಂದೆ.

ಟೀಚರ್ ಗಾದಿಯನ್ನು ಹಾಗೇ ಬಿಟ್ಟು ಬಂದಿದ್ದೀರಿ. ಅವರು ಎಷ್ಟು ದಿನದಿಂದ ನೆಲದ ಮೇಲೆ ಮಲಗುತ್ತಿದ್ದಾರೋ. ದಯವಿಟ್ಟು ಹೋಗಿ ಮುಗಿಸಿ ಕೊಡಿ. ನಾನು ಮಾಡಿದ್ದು ಸರಿಯೋ ತಪ್ಪೋ ನನಗಿನ್ನೂ ಗೊತ್ತಾಗಿಲ್ಲ. ಕೆಲವು ದಿನ ಸರಿ ಅನ್ನಿಸುತ್ತದೆ. ಪುಣೆಯ ಆ ಕಾಲೇಜಿನಲ್ಲಿ ಈಗ ಏನು ಪಾಠ ನಡೆದಿರಬಹುದು ಎಂಬ ಯೋಚನೆ ಬಂದ ದಿನ ತುಂಬ ಅಳು ಬರುತ್ತದೆ, ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ನೀವು ಕೇಳಿದ್ದಕ್ಕೆ ಉತ್ತರ ಹೇಳಬೇಕು. ನೀವು ಸಹಿ ಹಾಕುವುದಿಲ್ಲ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ, ಅಬ್ಬಾ. ಕೇಳಿದರೆ ಹಾಕುತ್ತೀರಿ, ಒಂದು ಮಾತೂ ಆಡದೆ ಹಾಕುತ್ತೀರಿ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ನಿಮ್ಮ ಮಗಳು
ಸೈಮಾ